ಬಯಲಲ್ಲಿ ನಾಯಿ: ಒಂದೇ ಸಲ ಮುಗಿಸೋದಾ, ಪದರ ಹಚ್ಚೋದಾ?

ಬಯಲಲ್ಲಿ ನಿಂತ ನಾಯಿಯನ್ನು ಆಯಿಲ್ ಪೇಂಟಿನಲ್ಲಿ ಬರೆಯಲು ಹಳೆಯ ದಾರಿ ಎರಡಿವೆ. ಬಣ್ಣ ಹಸಿಯಿರುವಾಗಲೇ ಒಂದೇ ಸಲಕ್ಕೆ ಮುಗಿಸುವುದು ಅಲ್ಲಾ ಪ್ರೈಮಾ. ಇನ್ನೊಂದು, ಕೆಳಪದರ ಒಣಗಿಸಿ ಮೇಲೆ ತೆಳು ಗ್ಲೇಜ್, ಅಂದರೆ ಕೆಳಗಿನ ಬಣ್ಣ ಕಾಣುವಂಥ ಪಾರದರ್ಶಕ ಪದರ, ಹಚ್ಚುತ್ತಾ ಹೋಗುವುದು.

ಜೂಲು ನಾಯಿಗೆ ಅಲ್ಲಾ ಪ್ರೈಮಾನೇ ಚೆಂದ. ಬೆನ್ನಿನ ಅಂಚಿನಲ್ಲಿ ಹುಲ್ಲಿನ ಬಣ್ಣವೂ ಕೂದಲಿನ ಬಣ್ಣವೂ ಇನ್ನೂ ಹಸಿಯಾಗಿರುತ್ತವೆ. ಒಣ ಬ್ರಷ್ ಅನ್ನು ಕೂದಲು ಬೆಳೆದ ದಿಕ್ಕಿಗೆ ಸುಮ್ನೆ ಹಗುರವಾಗಿ ಎಳೆದರೆ ಸಾಕು, ಎರಡೂ ಬೆರೆತು ನಾಯಿ ಆ ಜಾಗದ್ದೇ ಅನ್ನಿಸುತ್ತದೆ. ಅಂಚು ಗಡುಸಾದರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಜಾಸ್ತಿ ತಿದ್ದಿದರೆ ಬಣ್ಣ ಕೆಸರಾಗುತ್ತದೆ.

ನುಣುಪು ಮೈಯ ನಾಯಿಗೆ ಪದರವೇ ಸರಿ. ಫ್ರೆಂಚ್ ಚಿತ್ರಕಾರ ಊದ್ರಿ 1725ರಲ್ಲಿ ಬರೆದ, ಫ್ರಾನ್ಸಿನ ರಾಜ 15ನೇ ಲೂಯಿಯ ಗ್ರೇಹೌಂಡ್‌ಗಳ ಚಿತ್ರ ನೋಡಿ, ಎಂಥ ಮೈ ಅದು! ಕೆಳಗೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬಣ್ಣ ಹಚ್ಚಿ, ಬೇಗ ಒಣಗುತ್ತದೆ. ಮೇಲೆ ಹೋದಂತೆ ಎಣ್ಣೆ ಹೆಚ್ಚಿಸಿ, ಇಲ್ಲದಿದ್ದರೆ ಮುಂದೆ ಬಿರುಕು ಬಿಡಬಹುದು. ಕಾಯುವ ತಾಳ್ಮೆಯೂ ಬೇಕು.

ಮೊದಲ ಸಲವಾದರೆ ನನ್ನ ಮತ ಪದರಕ್ಕೇ. ಕಾಲಿನ ಅಳತೆ ತಪ್ಪಿದ್ದು ಕೆಳಪದರದಲ್ಲೇ ಗೊತ್ತಾಗುತ್ತದೆ, ಅಲ್ಲೇ ಬಟ್ಟೆಯಿಂದ ಒರೆಸಿ ತಿದ್ದಬಹುದು.