ಬಾಣಂತನಕ್ಕೆ ಆಸ್ಟ್ರೇಲಿಯಾಕ್ಕೆ ಹೊರಟವರೇ, ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ‘ನೋ’ ಹಾಕಬೇಡಿ

ಹೋದ ವರ್ಷ ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ನಾವಿಬ್ಬರೂ ಮೆಲ್ಬರ್ನಿಗೆ ಹೋದೆವು. ಮೊಮ್ಮಗುವಿನ ಮುಖ ನೋಡುವ ಮೊದಲೇ, ವಿಮಾನ ನಿಲ್ದಾಣದಲ್ಲೇ ಕೈಗೆ ದಂಡದ ನೋಟಿಸು ಬಂತು. ನಮ್ಮ ರೂಪಾಯಿಯಲ್ಲಿ ಒಂದು ಲಕ್ಷದ ಮೇಲೆ. ನಾಚಿಕೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಈಗ ನಮ್ಮ ಬೀಗರು ಸಿಡ್ನಿಗೆ ಹೊರಟಿದ್ದಾರೆ. ಬ್ಯಾಗಿಗೆ ಏನೇನು ತುಂಬುತ್ತಿದ್ದಾರೆಂದು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ನಮ್ಮ ಬ್ಯಾಗಿನಲ್ಲಿ ಇದ್ದದ್ದು: ಧಾರವಾಡದ ಲೈನ್ ಬಜಾರಿನ ಪೇಢೆ ಎರಡು ಕಿಲೋ, ಒಣಗಿಸಿದ ಕರಿಬೇವು, ಕೊತ್ತಂಬರಿ ಬೀಜ, ಜೀರಿಗೆ, ಬ್ಯಾಡಗಿ ಮೆಣಸಿನಕಾಯಿ, ಅಂಟಿನುಂಡಿ, ಚನ್ನಪಟ್ಟಣದ ಬೊಂಬೆ. ಪೇಢೆ ಜಜ್ಜದಿರಲೆಂದು ಮನೆಯಾಕೆ ಡಬ್ಬಿಗೆ ಇಳಕಲ್ ಸೀರೆ ಸುತ್ತಿದ್ದಳು. ಅಲ್ಲಿನವರ ಕಣ್ಣಿಗೆ ಅದು ಬಚ್ಚಿಟ್ಟ ಹಾಗೆ ಕಂಡಿತು.

ಇಳಿಯುವ ಮೊದಲು ವಿಮಾನದಲ್ಲಿ ಒಂದು ಕಾರ್ಡು ಕೊಡುತ್ತಾರೆ. ತಿನ್ನುವ ಪದಾರ್ಥ, ಬೀಜ, ಮರದ ವಸ್ತು ಇವೆಯೇ ಎಂದು ಪ್ರಶ್ನೆ. ಕೆಳಗೆ ನಮ್ಮ ಸಹಿ. ಪಕ್ಕದ ಸೀಟಿನವರು ಅನುಭವಸ್ಥರಂತೆ, “ಎಲ್ಲಾದಕ್ಕೂ ನೋ ಹಾಕ್ರಿ, ಯೆಸ್ ಅಂದ್ರ ಸುಮ್ನ ನಿಲ್ಲಿಸ್ತಾರ” ಅಂದರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಫಾರ್ಮು ತಿದ್ದಿದ ನಾನು ಓದದೆ ಟಿಕ್ ಹಾಕಿ ಸಹಿ ಮಾಡಿದೆ.

ಬೆಲ್ಟಿನ ಹತ್ತಿರ ಒಂದು ಲ್ಯಾಬ್ರಡಾರ್ ನಾಯಿ ನಮ್ಮ ಬ್ಯಾಗು ಮೂಸಿ ಅಲ್ಲೇ ಕುಳಿತಿತು. ಬೊಗಳಲಿಲ್ಲ, ಕುಳಿತಿತು ಅಷ್ಟೇ. ಪಾಪ, ದಣಿದಿರಬೇಕು ಅಂದುಕೊಂಡೆ! ಹಾಗೆ ಕೂರುವುದೇ ಅದು ಕೊಡುವ ಸುಳಿವೆಂದು ಆಮೇಲೆ ತಿಳಿಯಿತು.

ಆಮೇಲೆ ಉದ್ದನೆಯ ಸ್ಟೀಲ್ ಮೇಜು. ಅಧಿಕಾರಿ ಹುಡುಗಿ ನನ್ನ ಮಗಳ ವಯಸ್ಸಿನವಳು, ದನಿ ಏರಿಸಲಿಲ್ಲ. ಸೀರೆ ಬಿಚ್ಚಿ, ಡಬ್ಬಿ ತೆಗೆದು, ಕಾರ್ಡನ್ನು ಪಕ್ಕದಲ್ಲಿಟ್ಟು, “ಈ ಸಹಿ ನಿಮ್ಮದೇ ಅಲ್ಲವೇ?” ಎಂದಳು. ಅಂಟಿನುಂಡಿಗಳನ್ನು ಒಂದೊಂದಾಗಿ ಮುರಿದು ನೋಡುವಾಗ ಮನೆಯಾಕೆ ಮುಖ ತಿರುಗಿಸಿಕೊಂಡಳು.

ದಂಡ ಬಿದ್ದದ್ದು ಪೇಢೆ ತಂದದ್ದಕ್ಕಲ್ಲ, ‘ಇಲ್ಲ’ ಎಂದು ಬರೆದದ್ದಕ್ಕೆ. ‘ಯೆಸ್’ ಎಂದಿದ್ದರೆ ಬೇಡದ್ದನ್ನು ಕಸಕ್ಕೆ ಹಾಕಿ ಕಳಿಸುತ್ತಿದ್ದರು. ನಮ್ಮದೇ ವಿಮಾನದ ಒಬ್ಬಾಕೆ ಉಪ್ಪಿನಕಾಯಿ, ಪುಡಿಗಳನ್ನೆಲ್ಲ ಬರೆದುಕೊಟ್ಟು ಹತ್ತು ನಿಮಿಷದಲ್ಲಿ ಆಚೆ ಹೋದರು.

ಅವರ ಬಿಗಿಗೆ ಕಾರಣವಿದೆ. ದನಗಳ ಕಾಲುಬಾಯಿ ರೋಗ ಅಲ್ಲಿ 1872ರಿಂದೀಚೆಗೆ ಇಲ್ಲ, ನಮ್ಮಲ್ಲಿ ಇದೆ. ಅದಕ್ಕೇ ಹಾಲಿನ ಸಿಹಿಗೆ ತಡೆ. ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬದ್ದು, ಅವುಗಳ ರೋಗ ಹೊತ್ತು ತರಬಲ್ಲದು. ಅಕ್ಕಿ, ಬೇಳೆ, ಜೀರಿಗೆ, ಕೊತ್ತಂಬರಿಗೆ ಖಾಪ್ರಾ ಎಂಬ ಕಾಳು ತಿನ್ನುವ ಹುಳುವಿನ ಭಯ. 2022ರಲ್ಲಿ ಬಾಲಿಯಿಂದ ಡಾರ್ವಿನ್‌ಗೆ ಬಂದವರೊಬ್ಬರು ಮಾಂಸದ ಎರಡು ಮಫಿನ್ ಹೇಳದೆ ತಂದು 2,664 ಆಸ್ಟ್ರೇಲಿಯನ್ ಡಾಲರ್ ಕಟ್ಟಿದರು. 2019ರಲ್ಲಿ ಸಿಡ್ನಿಯಲ್ಲಿ ಹೀಗೇ ತಿನಿಸು ಹೇಳದೆ ತಂದ ವಿಯೆಟ್ನಾಮಿನ ಮಹಿಳೆಯ ಪ್ರವಾಸಿ ವೀಸಾವನ್ನೇ ರದ್ದು ಮಾಡಿ ವಾಪಸ್ ಕಳಿಸಿದರು. ನಮ್ಮದು ದಂಡದಲ್ಲೇ ಮುಗಿಯಿತು.

ಮಾತ್ರೆಗಳಿಗೆ ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಹತ್ತು ಸಾವಿರ ಆಸ್ಟ್ರೇಲಿಯನ್ ಡಾಲರ್ ಅಥವಾ ಹೆಚ್ಚು ನಗದಿದ್ದರೆ ಅದನ್ನೂ ಬರೆಯಬೇಕು. ಅನುಮಾನ ಬಂದದ್ದಕ್ಕೆಲ್ಲ ‘ಯೆಸ್’.

ಬೊಂಬೆಯಲ್ಲಿ ಹುಳು ಕೊರೆದ ತೂತಿಲ್ಲವೆಂದು ಟಾರ್ಚು ಬಿಟ್ಟು ನೋಡಿ ಹಿಂದಿರುಗಿಸಿದರು. ಮುಂದಿನ ವಾರ ಮಗಳು ಮೆಲ್ಬರ್ನಿನ ಡ್ಯಾಂಡಿನಾಂಗ್ ಬಡಾವಣೆಯ ಭಾರತೀಯ ಅಂಗಡಿಗೆ ಕರೆದೊಯ್ದಳು. ಅಂಟು, ಉತ್ತತ್ತಿ, ಜೀರಿಗೆ, ಕೊತ್ತಂಬರಿ, ಎಲ್ಲವೂ ಸಾಲಾಗಿ ಇದ್ದವು. ಮನೆಯಾಕೆ ನನ್ನನ್ನೊಮ್ಮೆ ನೋಡಿ, ಏನೂ ಅನ್ನದೆ ಬುಟ್ಟಿ ಎತ್ತಿಕೊಂಡಳು.