ಎರಡು ವರ್ಷ ಕಟ್ಟಿದ ಫಿಟ್‌ನೆಸ್ ಬ್ಯಾಂಡ್: ಇದಕ್ಕೆ 'ಸಾಕು' ಅನ್ನೋದು ಗೊತ್ತಿಲ್ಲ

ಬ್ಯಾಟರಿ ಒಂದು ವಾರ ಬರುತ್ತದೆ. ಪಟ್ಟಿ ಒಂದು ಸಲ ಬದಲಾಯಿಸಿದೆ. ವಸ್ತುವಿನ ಬಗ್ಗೆ ಇಷ್ಟೇ. ಕಂಪನಿ ಹೆಸರು ಬೇಡ.

ತಗೊಂಡಾಗ ನನಗೆ 21, ಮೈಸೂರಿನ ಹಾಸ್ಟೆಲ್. ಕುಕ್ಕರಹಳ್ಳಿ ಕೆರೆ ಸುತ್ತುವಾಗ ಜೊತೆಗಿರಲಿ ಅಂತ ಕೊಂಡಿದ್ದು. ಒಂದು ಸುತ್ತು ಎರಡಾಯಿತು, ಸಂಜೆಗೆ ಜಿಮ್ಮೂ ಸೇರಿತು. 98 ಬಂದರೆ ಉಳಿದ ಎರಡಕ್ಕೆ ಅಳುತ್ತಿದ್ದ ಹುಡುಗಿ ನಾನು. ಅಂಥವಳ ಕೈಗೆ ದಿನಾ ಅಂಕ ಕೊಡುವ ಮೇಷ್ಟ್ರನ್ನು ಕಟ್ಟಿದ ಹಾಗಾಯಿತು. ರಾತ್ರಿ ಹನ್ನೊಂದೂಮುಕ್ಕಾಲಿಗೆ 9,640 ಹೆಜ್ಜೆ ತೋರಿಸಿದರೆ 10,000 ತುಂಬಿಸಲು ಕಾರಿಡಾರಿನಲ್ಲಿ ಓಡಾಡುತ್ತಿದ್ದೆ. ಜ್ವರ ಇದ್ದಾಗಲೂ. ಈ 10,000 ಯಾವ ಡಾಕ್ಟರ ಲೆಕ್ಕವೂ ಅಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರಕ್ಕೆ 'ಹತ್ತು ಸಾವಿರ ಹೆಜ್ಜೆ ಮೀಟರ್' ಅಂತ ಹೆಸರಿಟ್ಟಿದ್ದರು, ಅಲ್ಲಿಂದ ಬಂದಿದ್ದು. ಸುಮ್ನೆ ನಡೆದೆ, ಅಲ್ವಾ!

ಊಟದ ಲೆಕ್ಕ ಇನ್ನೂ ಕಷ್ಟ. ಆ್ಯಪಿನಲ್ಲಿ ಬಸ್ಸಾರು ಇಲ್ಲ. ಮುದ್ದೆ ಇದೆ, ಎಷ್ಟು ಗ್ರಾಂ ಅಂತ ಕೇಳುತ್ತದೆ. ರಜೆಗೆ ಮಂಡ್ಯಕ್ಕೆ ಹೋದಾಗ ತಕ್ಕಡಿ ತೆಗೆದೆ. "ಮುದ್ದೆನ ಯಾರಾದ್ರೂ ತೂಕ ಹಾಕ್ಕೊಂಡು ತಿಂತಾರೇನೇ?" ಅಂದಳು ಅಮ್ಮ. ಇಬ್ಬರೂ ನಕ್ಕೆವು. ಮುದ್ದೆ ಮಾತ್ರ ಅರ್ಧ ಉಳಿಸಿದೆ. ತಿಂದಿದ್ದನ್ನು ಕರಗಿಸಲು ಈ ಬ್ಯಾಂಡಿನ ಕ್ಯಾಲರಿಯನ್ನೇ ನಂಬಿದ್ದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಬ್ಯಾಂಡ್, ವಾಚ್‌ಗಳನ್ನು ಪರೀಕ್ಷಿಸಿದ್ದರು. ಕ್ಯಾಲರಿಯಲ್ಲಿ ಇದ್ದಿದ್ದರಲ್ಲೇ ವಾಸಿ ಅನ್ನಿಸಿದ್ದೂ ಸರಾಸರಿ ಶೇ. 27ರಷ್ಟು ತಪ್ಪು ತೋರಿಸಿತ್ತು.

ಏಳನೇ ತಿಂಗಳಿಗೆ ಮುಟ್ಟು ನಿಂತಿತು. ಆ್ಯಪಿನ ಒಂದು ಪುಟದಲ್ಲಿ 'ಮುಟ್ಟು 94 ದಿನ ತಡ'. ಪಕ್ಕದ ಪುಟದಲ್ಲೇ 'ಸತತ 100 ದಿನ, ಅಭಿನಂದನೆ!' ಎರಡನ್ನೂ ಸೇರಿಸಿ ನೋಡುವ ಬುದ್ಧಿ ಅದಕ್ಕಿಲ್ಲ. ನನಗೂ ಇರಲಿಲ್ಲ, ಬ್ಯಾಡ್ಜನ್ನು ಸ್ಟೇಟಸ್‌ಗೆ ಹಾಕಿದೆ.

ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲಾ ನೋಡಿದ ಡಾಕ್ಟರಮ್ಮ, ತೊಂದರೆ ಗರ್ಭಕೋಶದ್ದಲ್ಲ ಅಂದರು. ತಿನ್ನೋದು ಕಡಿಮೆಯಾಗಿ ಮೈ ದಂಡಿಸೋದು ಜಾಸ್ತಿಯಾದರೆ ಮೆದುಳೇ ಮುಟ್ಟನ್ನು ತಡೆಯುತ್ತದಂತೆ. ಈಸ್ಟ್ರೊಜೆನ್ ಅನ್ನೋ ಹಾರ್ಮೋನು ಇಳಿದರೆ ಮೂಳೆಯೂ ಸವೆಯುತ್ತದೆ. ನೋಡೋಕೆ ತೀರಾ ಸಣಕಲಾಗಿರಬೇಕು ಅಂತೇನೂ ಇಲ್ಲ, ನಾನು ಇರಲಿಲ್ಲ. ವ್ಯಾಯಾಮ ಬಂದ್, ಹೊತ್ತು ಹೊತ್ತಿಗೆ ಊಟ, ಜೊತೆಗೆ ಕೌನ್ಸೆಲಿಂಗ್. ಮುಟ್ಟು ವಾಪಸ್ ಬರಲು ಎಂಟು ತಿಂಗಳು ಹಿಡಿಯಿತು. ಅಷ್ಟೂ ದಿನ ಬ್ಯಾಂಡು 'ಏಳಿ, ನಡೆಯಿರಿ' ಅಂತ ಗುರ್ ಅನ್ನುತ್ತಲೇ ಇತ್ತು. 'ಮೈ ಹುಷಾರಿಲ್ಲ' ಅಂತ ಹೇಳುವ ಜಾಗ ಸೆಟ್ಟಿಂಗ್ಸ್ ತುಂಬಾ ಹುಡುಕಿದೆ. ಈ ಮಾಡೆಲ್‌ನಲ್ಲಿ ಇಲ್ಲ.

ಈಗ ಗುರಿ, ಕ್ಯಾಲರಿ ಎರಡೂ ಆಫ್. ಬೆಳಿಗ್ಗೆ ಆರರ ಅಲಾರಂಗೆ ಇಟ್ಟುಕೊಂಡಿದ್ದೇನೆ. ಗಡಿಯಾರ ಅಂತ ತಗೊಂಡರೆ ನಾಲ್ಕು ಸ್ಟಾರ್.