ಮದರ್‌ಬೋರ್ಡ್ ಬದಲಿಸಿದ ಮೇಲೆ ನೀಲಿ ಪರದೆ ಬಂದರೆ ಫಾರ್ಮ್ಯಾಟ್‌ಗೆ ಒಪ್ಪಬೇಡಿ

ಗೋಣಿಕೊಪ್ಪ ಕಡೆಯ ಒಂದು ಕಾಫಿ ತೋಟದ ಆಫೀಸ್ ಕಂಪ್ಯೂಟರ್. ಸಿಡಿಲಿಗೆ ಮದರ್‌ಬೋರ್ಡ್ ಹೋಯಿತು. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಹೊಸದು ಹಾಕಿಸಿದರು, ಎಸ್‌ಎಸ್‌ಡಿ ಮಾತ್ರ ಹಳೆಯದೇ. ಆನ್ ಮಾಡಿದರೆ ನೀಲಿ ಪರದೆ, ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ ಕೇಳುತ್ತಿದೆ. ರಿಪೇರಿಯವರು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿದರು. ಡಿ ಡ್ರೈವ್‌ಗೂ ಬೀಗ ಬಿದ್ದಿತ್ತು. 'ಕರಪ್ಟ್ ಆಗಿದೆ' ಎಂದು ಅದನ್ನೂ ಅಳಿಸಿದರು. ಆಳುಗಳ ಹಾಜರಿ, ಸಂಬಳದ ಲೆಕ್ಕ, ಕಾಫಿ ಮಾರಿದ ಬಿಲ್ಲು ಎಲ್ಲ ಹೋಯಿತು. ವಾರ ಕಳೆದು ಕೀ ಸಿಕ್ಕಿತು, ಬೆಂಗಳೂರಿನಲ್ಲಿರುವ ಮಗನ ಮೈಕ್ರೋಸಾಫ್ಟ್ ಖಾತೆಯಲ್ಲಿ. ಕಂಪ್ಯೂಟರ್ ತಂದ ದಿನ ಸೆಟಪ್ ಮಾಡಿಕೊಟ್ಟವನು ಅವನೇ.

ಡಿಸ್ಕ್ ಕೆಟ್ಟಿರಲೇ ಇಲ್ಲ. ಬೀಗ ತೆಗೆಯುವ ಗುಟ್ಟು ಬೋರ್ಡ್ ಅಥವಾ ಪ್ರೊಸೆಸರ್‌ನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿರುತ್ತದೆ, ಅವು ಬದಲಾದರೆ ವಿಂಡೋಸ್ 48 ಅಂಕಿಯ ಕೀ ಕೇಳುತ್ತದೆ. ಡಿ ಡ್ರೈವ್ ದಿನವೂ ತಾನಾಗಿ ತೆರೆಯುವುದು ಸಿ ಡ್ರೈವ್‌ನ ನೆರವಿನಿಂದ. ಸಿ ಅಳಿಸಿದರೆ ಡಿ ಡ್ರೈವ್‌ಗೆ ಅದರದೇ ಕೀ ಬೇಕು. 'ನಾವು ಬಿಟ್‌ಲಾಕರ್ ಹಾಕಿಯೇ ಇಲ್ಲ' ಎನ್ನುವವರೇ ಹೆಚ್ಚು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದರೆ, ಹೋಮ್ ಆವೃತ್ತಿಯಲ್ಲೂ ಸಾಮಾನ್ಯವಾಗಿ ಅದು ಕೇಳದೆಯೇ ಬೀಗ ಹಾಕಿಬಿಡುತ್ತದೆ.

ಹಾಗಾಗಿ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ 8 ಅಕ್ಷರಗಳ ಫೋಟೋ ತೆಗೆದುಕೊಳ್ಳಿ. ಆ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿದ್ದ ಮನೆಯವರೆಲ್ಲರ ಮೈಕ್ರೋಸಾಫ್ಟ್ ಖಾತೆ ಹುಡುಕಿಸಿ, ಐಡಿ ಹೊಂದಿದರೆ ಅದೇ ಕೀ. ಸಿಗದಿದ್ದರೆ ಆ ಡಿಸ್ಕ್ ಬಿಚ್ಚಿ ಎತ್ತಿಡಿ, ವಿಂಡೋಸನ್ನು ಬೇರೆ ಎಸ್‌ಎಸ್‌ಡಿಗೆ ಹಾಕಿಸಿ.

ಹಳೆಯ ಬೋರ್ಡ್ ಇನ್ನೂ ಓಡುತ್ತಿದ್ದರೆ ಕೆಲಸ ಸುಲಭ. ಬೋರ್ಡ್ ಬದಲಿಸುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ (ಈ ಬೀಗವೇ) ಆಫ್ ಮಾಡಿ, ಪೂರ್ತಿ ಮುಗಿಯುವವರೆಗೆ ಕಾಯಿರಿ. ಕರೆಂಟ್ ನಂಬುವಂತಿಲ್ಲದ ಆಟಿಯ ಮಳೆ ತಿಂಗಳಲ್ಲಂತೂ ಯುಪಿಎಸ್ ಇಲ್ಲದೆ ಇದಕ್ಕೂ ಬಯಾಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್‌ಗೂ ಕೈ ಹಾಕಬೇಡಿ. ಎಎಂಡಿ ಬೋರ್ಡ್‌ನಲ್ಲಿ ಪ್ರೊಸೆಸರ್ ಮಾತ್ರ ಬದಲಿಸಿದಾಗ ಎಫ್‌ಟಿಪಿಎಂ (ಪ್ರೊಸೆಸರ್‌ನೊಳಗಿನ ಟಿಪಿಎಂ) ರೀಸೆಟ್ ಮಾಡಲು ವೈ, ಬೇಡವಾದರೆ ಎನ್ ಒತ್ತಿ ಎಂಬ ಸಂದೇಶ ಬರಬಹುದು. ಕೀ ಕೈಯಲ್ಲಿಲ್ಲದೆ ವೈ ಒತ್ತಬೇಡಿ.

ಹೊಸದಾಗಿ ವಿಂಡೋಸ್ ಹಾಕುವಾಗ ಬೇರೆ ಎಲ್ಲ ಡಿಸ್ಕ್‌ಗಳ ಕೇಬಲ್ ಕಳಚಿ. ಇಲ್ಲದಿದ್ದರೆ ವಿಂಡೋಸ್ ಶುರುಮಾಡುವ ಬೂಟ್ ಫೈಲುಗಳು ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಕೂತು, ಮುಂದೊಂದು ದಿನ ಅದು ಸತ್ತಾಗ ಹೊಸ ಎಸ್‌ಎಸ್‌ಡಿಯೂ ಏಳುವುದಿಲ್ಲ. ಇಂಟೆಲ್ 11ನೇ ತಲೆಮಾರು ಅಥವಾ ನಂತರದ್ದರಲ್ಲಿ ವಿಂಡೋಸ್ ಹಾಕುವಾಗ ಡ್ರೈವೇ ಕಾಣದಿದ್ದರೆ ಎಸ್‌ಎಸ್‌ಡಿ ಕೆಟ್ಟಿದೆ ಎನ್ನುವ ಮೊದಲು ಬಯಾಸ್‌ನಲ್ಲಿ ವಿಎಂಡಿ (ಇಂಟೆಲ್‌ನ ಡ್ರೈವ್ ನಿರ್ವಹಣೆಯ ಸೆಟ್ಟಿಂಗ್) ನೋಡಿ. ಅದು ಆನ್ ಇದ್ದರೆ ಇಂಟೆಲ್‌ನ ರಾಪಿಡ್ ಸ್ಟೋರೇಜ್ ಡ್ರೈವರ್ ಪೆನ್‌ಡ್ರೈವ್‌ನಲ್ಲಿ ಬೇಕಾಗುತ್ತದೆ. ಕಂಪ್ಯೂಟರ್ ಜೊತೆಗೇ ಬಂದ ಒಇಎಂ ಲೈಸೆನ್ಸ್ ಹಳೆಯ ಬೋರ್ಡ್‌ನೊಂದಿಗೇ ಮುಗಿಯಿತು ಎಂದುಕೊಳ್ಳಿ. ಬಿಡಿಯಾಗಿ ಕೊಂಡ ರೀಟೇಲ್ ಲೈಸೆನ್ಸ್ ಹೊಸ ಬೋರ್ಡ್‌ಗೂ ನಡೆಯುತ್ತದೆ.

ಎಲ್ಲ ಮುಗಿದ ಮೇಲೆ ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಕನ್ನಡ ಕಡತಗಳು ಇಂಗ್ಲಿಷ್ ಅಕ್ಷರಗಳ ಕಿಚಡಿಯಂತೆ ಕಂಡರೆ ಗಾಬರಿ ಬೇಡ. ನುಡಿ ಫಾಂಟ್ ಹಾಕಿ, ಸರಿಯಾಗುತ್ತದೆ.